ಹೊಸ್ತಿಲು ದಾಟದ ಗಾಡಿ

ಈ ಮೂಲಕ ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಬರುವ ಭಾನುವಾರದಿಂದ ಮುಂದಿನ ಕೋಣೆಯ ಊಟದ ಮೇಜು ಸೇವೆಯಿಂದ ನಿವೃತ್ತಿ ಹೊಂದಲಿದ್ದು, ತೆರವಾದ ಆ ಸ್ಥಾನಕ್ಕೆ ಒಂದು ಹಳೆಯ ಮೋಟರ್ ಸೈಕಲ್ಲನ್ನು ನೇಮಿಸಲಾಗಿದೆ. ಆಕ್ಷೇಪಣೆಗಳಿದ್ದಲ್ಲಿ ಅವರವರ ಬಳಿಯೇ ಇಟ್ಟುಕೊಳ್ಳತಕ್ಕದ್ದು.

ಮನೆಯ ಸಮಸ್ತರು ಎಂದರೆ ಹೆಂಡತಿ ಒಬ್ಬಳೇ. ಪ್ರಕಟಣೆ ಹೊರಡಿಸಿದಾತ ವಿಮೆ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ಪರಿಶೀಲಿಸುವ, ಅಂದರೆ ಮಟ್ಟಸವಾಗಿ ತಿರಸ್ಕರಿಸುವ ಅಧಿಕಾರಿ. ಅಂಗಡಿ ಸುಟ್ಟುಹೋಯಿತೆಂದು ಅಳುತ್ತಾ ಬಂದವನನ್ನು, ಬೆಂಕಿ ಒಳಗಿಂದ ಹತ್ತಿತೋ ಹೊರಗಿಂದ ಹತ್ತಿತೋ ಎಂದು ಕೇಳಿ, ಅವನು ಬಾಯಿ ಬಿಡುವ ಮೊದಲೇ ಅರ್ಜಿಯ ಮೂಲೆಯಲ್ಲಿ 'ಷರತ್ತು ಪೂರೈಸಿಲ್ಲ' ಎಂದು ಷರಾ ಬರೆಯುವವನು. ಷರತ್ತು ಹುಡುಕಿ ಹುಡುಕಿ ಷರಾ ಬರೆದದ್ದರಿಂದ ಕಚೇರಿಯಲ್ಲಿ ಅವನಿಗೆ ಷರಾ ಸಾಹೇಬ ಎಂದೇ ಹೆಸರು.

ಗಾಡಿಯನ್ನು ಕೊಟ್ಟವಳು ಗಂಡನಿಲ್ಲದ ಒಬ್ಬ ಮುದುಕಿ. ಅವಳ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಅದು ನಿಂತಿತ್ತು. ತುಕ್ಕು, ಹಳಸಿದ ಪೆಟ್ರೋಲು, ಅದರಡಿಯಲ್ಲಿ ಇನ್ನೇನೋ ವಾಸನೆ. ಮುದುಕಿ ಬಾಗಿಲ ಆಚೆಯೇ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದಳು.

"ಏನ್ ಬೇಕಾದ್ರೂ ಬಿಚ್ಚಿಕೊಳ್ಳಿ. ಸೀಟಿನ ಕೆಳಗೆ ಕಪ್ಪು ದಾರ ಸುತ್ತಿರೋ ಡಬ್ಬಿ ಇದೆಯಲ್ಲ, ಅದನ್ನ ಮಾತ್ರ ಬಿಚ್ಚಬೇಡಿ. ಅದು ಮಾಟದ ಕಟ್ಟು."

ಷರಾ ಸಾಹೇಬ ನಕ್ಕ. "ಎಷ್ಟು ವರ್ಷದ ಗ್ಯಾರಂಟಿ ಅಮ್ಮಾ ಅದಕ್ಕೆ?"

"ನಮ್ಮನೆಯವರಿಗೆ ಕೊನೇ ತನಕ ಬಂತು," ಎಂದಳು ಮುದುಕಿ. ಅವಳು ನಗಲಿಲ್ಲ.

ಗಾಡಿ ಮನೆಗೆ ಬಂದ ದಿನ ಇನ್ನೊಂದು ಎಚ್ಚರಿಕೆಯೂ ಸಿಕ್ಕಿತು. ಕೊಟ್ಟವನು ಭಾಮೈದ. ಮನೆ ಕಟ್ಟಿಸುವ ಮೇಸ್ತ್ರಿ, ಮಾತಿನಲ್ಲೂ ಇಟ್ಟಿಗೆ ಎಸೆಯುವ ಆಸಾಮಿ. ಬೀದಿಬಾಗಿಲು ಕಿರಿದು, ಗಾಡಿ ಇಡಿಯಾಗಿ ನುಗ್ಗಲಿಲ್ಲ. ಮೆಟ್ಟಿಲ ಮೇಲೆಯೇ ಹ್ಯಾಂಡಲ್ಲು, ಲೆಗ್‌ಗಾರ್ಡು, ಚಕ್ರ ಎಲ್ಲ ಕಳಚಿ, ಉಳಿದ ಒಡಲನ್ನು ಇಬ್ಬರೂ ಹೆಣ ಎತ್ತುವಂತೆ ಎತ್ತಿ ಒಳಗೆ ತಂದರು. ಆ ಬಾಗಿಲಿನ ಮರದ ಹೊಸ್ತಿಲು ಎತ್ತರ. ಎಂಜಿನ್ನಿನ ಹೊಟ್ಟೆ ಅದಕ್ಕೆ ತಾಗಿ ಕರಿ ಎಣ್ಣೆಯ ಒಂದು ಗೀರು ಉಳಿಯಿತು.

"ಭಾವ, ಬಿಚ್ಚಿ ತಂದಿದ್ದಾಯ್ತು. ಒಳಗೇ ಜೋಡಿಸಿದ್ರೆ ಹೊರಗೆ ಹೇಗೆ ತರ್ತೀರಿ?"

"ಅಂಗಳದಲ್ಲಿ ಧೂಳು ಕಣಯ್ಯಾ. ಪೇಂಟ್ ಮೇಲೆ ಒಂದು ಕಣ ಕೂತ್ರೂ ಕೆಲಸ ಕೆಟ್ಟಿತು. ಹೊರಗೆ ತರೋದು ಆಮೇಲಿನ ಮಾತು."

ಷರಾ ಸಾಹೇಬನಿಗೆ ಧೂಳಿನ ಭಯವೊಂದು ಬಿಟ್ಟರೆ ಬೇರೆ ಭಯವಿರಲಿಲ್ಲ.

ಮೇಜು ಹೋಗಿ ಮೋಜು ಬಂತು. ಅವನು ರಜೆ ಹಾಕಿ ಕೂತ. ಒಂದೊಂದು ನಟ್ಟಿಗೂ ಒಂದೊಂದು ಡಬ್ಬಿ, ಡಬ್ಬಿಗೊಂದು ಚೀಟಿ. ಹೆಂಡತಿಯ ಹಾಲಿನ ಪಾತ್ರೆಯಲ್ಲಿ ಕಾರ್ಬುರೇಟರ್ ಕುದಿಯಿತು. ಅವಳ ದೊಡ್ಡ ತಟ್ಟೆಯಲ್ಲಿ ಚೈನು ಸೀಮೆಎಣ್ಣೆ ಕುಡಿಯುತ್ತಾ ಹಾವಿನಂತೆ ಸುತ್ತಿಕೊಂಡು ಮಲಗಿತು. ಸೈಲೆನ್ಸರನ್ನು ಅವನು ಉಜ್ಜಿದ ರೀತಿಗೆ, ತನ್ನ ಬೆನ್ನನ್ನು ಒಂದು ದಿನವಾದರೂ ಹೀಗೆ ಉಜ್ಜಿದ್ದುಂಟಾ ಎಂದು ಹೆಂಡತಿ ಕೇಳಿದಳು. ಅವನು ಉಜ್ಜುತ್ತಲೇ ಇದ್ದ.

ಕೊನೆಗೆ ಉಳಿದದ್ದು ಸೀಟಿನ ಕೆಳಗಿನ ಡಬ್ಬಿ. ಅದಕ್ಕೂ ಬಣ್ಣ ಬಳಿಯಬೇಡವೇ? ಎಲ್ಲವೂ ಹೊಳೆಯುವಾಗ ಅದೊಂದು ತುಕ್ಕು ಹಿಡಿದು ಕೂತರೆ ಚೆನ್ನಾಗಿರುತ್ತದೆಯೇ? ಅವನು ಬ್ಲೇಡು ತಂದು ಕಪ್ಪು ದಾರವನ್ನು ಕತ್ತರಿಸಿದ.

ಕೋಣೆಯಲ್ಲಿ ಯಾರೋ ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಬಿಟ್ಟ ಹಾಗಾಯಿತು.

ಸುಟ್ಟ ಕೂದಲಿನ ವಾಸನೆ. ಒದ್ದೆ ಬೂದಿಯ ವಾಸನೆ. ನಡುಮಧ್ಯಾಹ್ನವಾಗಿದ್ದರೂ ಕಿಟಕಿಯ ಬೆಳಕು ಗೋಡೆ ಮುಟ್ಟುವ ಮೊದಲೇ ಸೋತು ಕೂತಿತು. ಡಬ್ಬಿಯೊಳಗೆ ಕತ್ತರಿಸಿದ ಉಗುರುಗಳು, ಚಿಟಿಕೆ ಮಣ್ಣು, ಒಂದು ಎಳೆ ಕೂದಲು. ಕೂದಲು ಬುಡದಲ್ಲಿ ಬೆಳ್ಳಗೆ, ತುದಿಯಲ್ಲಿ ಕಂದು. ಅವನು ತಲೆಗೆ ಹಚ್ಚುವ ಬಣ್ಣವೂ ಅದೇ ಕಂದು. ಬಗ್ಗಿದಾಗ ತಲೆಯಿಂದ ಉದುರಿರಬೇಕು ಎಂದು ಅವನು ತೀರ್ಮಾನಿಸಿದ. ಉಗುರು? ಮುಚ್ಚಳ ಮುಚ್ಚಿ ಬಣ್ಣ ಹೊಡೆದ.

ಮರುದಿನ ರಜೆ ಮುಗಿಯಿತು. ಇಸ್ತ್ರಿ ಅಂಗಿ ತೊಟ್ಟು, ಚೀಲ ಹಿಡಿದು, ಹೊಸ್ತಿಲು ದಾಟಿ ಹೊರಗೆ ಕಾಲಿಟ್ಟ. ಕಾಲು ಬಿದ್ದದ್ದು ಕೋಣೆಯ ನೆಲದ ಮೇಲೆ. ಎದುರಿಗೆ ಬಿಚ್ಚಿ ಹರಡಿದ ಗಾಡಿ.

"ಏನ್ರೀ, ಏನಾದ್ರೂ ಮರೆತ್ರಾ?" ಎಂದಳು ಹೆಂಡತಿ.

ಅವನು ತಿರುಗಿ ಮತ್ತೆ ಹೊರಟ. ಮತ್ತೆ ಒಳಗೆ ಬಂದ. ಅಡುಗೆಮನೆಯ ಹಿಂಬಾಗಿಲಿಂದ ಹೋದ, ಬೀದಿಬಾಗಿಲಿಂದ ಒಳಬಂದ. ಕಿಟಕಿಯಿಂದ ಧುಮುಕಿದ, ಚೈನಿದ್ದ ತಟ್ಟೆಯ ಮೇಲೆ ಮುಖ ಅಡಿಯಾಗಿ ಬಿದ್ದ. ಪ್ರತಿ ಸಲವೂ ಆ ಸುಟ್ಟ ವಾಸನೆ ಒಂದಿಷ್ಟು ಹೆಚ್ಚುತ್ತಿತ್ತು. ಮೊದಮೊದಲು ನಕ್ಕ ಹೆಂಡತಿ, ಅವನ ಕೈ ಹಿಡಿದು ತಾನೇ ಹೊರಗೆ ಕರೆದೊಯ್ದಳು. ಬೀದಿಯಲ್ಲಿ ನಿಂತು ನೋಡಿದರೆ ಅವಳ ಕೈ ಖಾಲಿ. ಅಂಗೈ ತುಂಬ ಕರಿ ಎಣ್ಣೆ.

ಕಚೇರಿಗೆ ಜ್ವರವೆಂದು ತಿಳಿಸಿದ್ದಾಯಿತು. ಅನ್ನ ಬಾಯಲ್ಲಿ ಮರದ ಪುಡಿಯಂತಾಯಿತು. ಉಗುರ ಸಂದಿಯ ಕಪ್ಪು ಯಾವ ಸೋಪಿಗೂ ಜಗ್ಗಲಿಲ್ಲ. ಅಂಗಿಯಿಂದ ಕಾಣೆಯಾದ ಗುಂಡಿಯೊಂದು, ಮುಚ್ಚಿಟ್ಟಿದ್ದ ಕಾರ್ಬುರೇಟರಿನೊಳಗೆ ಸಿಕ್ಕಿತು. ಸಂಜೆಯಾದರೆ, ಪ್ಲಗ್ಗೂ ಇಲ್ಲದ ಪೆಟ್ರೋಲೂ ಇಲ್ಲದ ಎಂಜಿನ್ನು ನೆಲದ ಮೇಲೆ ಮಲಗಿದ್ದಲ್ಲೇ ಕೆಮ್ಮುತ್ತಿತ್ತು. ವಯಸ್ಸಾದ ಗಂಡಸು ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಹೆಂಡತಿ ಅಡುಗೆಮನೆಯಿಂದ "ಏನ್ರೀ, ಕರೆದ್ರಾ?" ಎನ್ನುತ್ತಿದ್ದಳು. ಅವನು ಕರೆದಿರುತ್ತಿರಲಿಲ್ಲ.

ಕೊನೆಗೆ ಅವಳೇ ಮುದುಕಿಯ ಮನೆಗೆ ಓಡಿದಳು. ತಿರುಗಿ ಬಂದು ಕೇಳಿದ್ದನ್ನೆಲ್ಲ ಹೇಳಿದಳು.

ಮುದುಕಿಯ ಗಂಡನಿಗೆ ತಿರುಗಾಟದ ಹುಚ್ಚಂತೆ. ಗಾಡಿ ಹತ್ತಿ ಹೋದರೆ ವಾರಗಟ್ಟಲೆ ಪತ್ತೆಯಿಲ್ಲ. ರೋಸಿಹೋದ ಮುದುಕಿ ಒಬ್ಬ ಮಾಟಗಾರನ ಬಳಿ ಹೋಗಿ, ಗಂಡ ಮನೆಯಲ್ಲೇ ಇರುವಂತೆ ಮಾಡಿ ಎಂದಳಂತೆ. ಅವನು ಹಾಗೆಯೇ ಮಾಡಿದ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಂಡ ಗಾಡಿಯಿದ್ದ ಕೋಣೆ ಬಿಟ್ಟು ಆಮೇಲೆ ಕದಲಲಿಲ್ಲ. ಬರುಬರುತ್ತಾ ಊಟ ಬಿಟ್ಟ. ಗಾಡಿಗೆ ಆಯಿಲ್ ಹಾಕಿದರೆ ಅವನಿಗೆ ಹೊಟ್ಟೆ ತುಂಬುತ್ತಿತ್ತು. ಒಂದು ದಿನ ನೋಡಿದರೆ ಕೋಣೆಯಲ್ಲಿ ಗಾಡಿಯೊಂದೇ ಇತ್ತು.

"ಸತ್ತರಾ ಅಂತ ಕೇಳಿದೆ," ಎಂದಳು ಹೆಂಡತಿ. "ಸತ್ತರು ಅಂತ ನಾನೆಲ್ಲಿ ಹೇಳಿದೆ ಅಂದ್ರು."

"ಬಿಡಿಸಿಕೊಳ್ಳೋ ದಾರಿ?"

ದಾರಿಯಿತ್ತು. ಗಾಡಿ ಯಾವ ಹೊಸ್ತಿಲು ದಾಟಿ ಒಳಗೆ ಬಂತೋ ಕಟ್ಟು ಬಿದ್ದಿರುವುದು ಅದೇ ಹೊಸ್ತಿಲಿಗೆ. ಬಿಚ್ಚಿದ್ದನ್ನೆಲ್ಲ ಒಂದೂ ಬಿಡದೆ ಜೋಡಿಸಬೇಕು. ಗಾಡಿ ಇಡಿಯಾಗಿರಬೇಕು, ಜೀವ ಬಂದಿರಬೇಕು. ಅದರ ಮೇಲೆ ಕೂತು, ನೆಲಕ್ಕೆ ಕಾಲು ತಾಗಿಸದೆ, ಅದೇ ಹೊಸ್ತಿಲು ದಾಟಬೇಕು. ಅವಕಾಶ ಒಂದೇ ಸಲ. ಇಷ್ಟು ಗೊತ್ತಿದ್ದೂ ಗಂಡನಿಗೆ ಯಾಕೆ ಹೇಳಲಿಲ್ಲ ಎಂದು ಹೆಂಡತಿ ಕೇಳಿದ್ದಕ್ಕೆ ಮುದುಕಿ, ಹೇಳಿದ್ದರೆ ಮತ್ತೆ ತಿರುಗೋಕೆ ಹೋಗ್ತಿದ್ದರಲ್ಲಮ್ಮಾ ಎಂದಳಂತೆ.

ಷರತ್ತು ಎಂದ ಕೂಡಲೇ ಷರಾ ಸಾಹೇಬನಿಗೆ ಜೀವ ಬಂತು. ಇದು ಅವನ ಅಖಾಡ. ಜನ್ಮವಿಡೀ ಷರತ್ತಿನಲ್ಲಿ ಇತರರನ್ನು ಸಿಕ್ಕಿಸಿದವನಿಗೆ ತಾನು ಬಿಡಿಸಿಕೊಳ್ಳುವುದು ಯಾವ ದೊಡ್ಡ ಮಾತು? ಅವನು ಊಟ ನಿದ್ದೆ ಬಿಟ್ಟು ಜೋಡಿಸಿದ. ಚೀಟಿ ನೋಡಿ ನೋಡಿ ಒಂದೊಂದು ನಟ್ಟನ್ನೂ ಅದರದರ ಮನೆಗೆ ಸೇರಿಸಿದ. ಒಂದು ವಾಷರ್ ಕೂಡ ಉಳಿಯಲಿಲ್ಲ. ಹಳೆಯ ಗಾಡಿ ಬಿಚ್ಚಿ ಜೋಡಿಸಿದವರಿಗೆ ಗೊತ್ತು, ಅದೇ ಒಂದು ಪವಾಡ. ಕರಿಬಣ್ಣದ ಟ್ಯಾಂಕು ಬಾವಿಯ ನೀರಿನಂತೆ ಹೊಳೆಯಿತು. ಬಗ್ಗಿ ನೋಡಿದರೆ ಅದರಲ್ಲಿ ಅವನ ಮುಖ. ಅದರ ಹಿಂದೆ, ಕೊಂಚ ಮೇಲೆ, ಇನ್ನೊಂದು ಮುಖ. ಅವನು ಎರಡನೇ ಸಲ ಬಗ್ಗಲಿಲ್ಲ.

ಈಗ ಭಾಮೈದನ ಪ್ರಶ್ನೆ ಬಾಗಿಲಲ್ಲಿ ಬಂದು ನಿಂತಿತು. ಲೆಗ್‌ಗಾರ್ಡು ಹಾಕಿದ ಗಾಡಿ ಬಾಗಿಲಿಗಿಂತ ಅಗಲ. ಬಿಚ್ಚಿದರೆ ಇಡಿ ಅಲ್ಲ. ಭಾಮೈದ ಸುತ್ತಿಗೆ, ಹಾರೆ ಹಿಡಿದು ಬಂದ. "ಅವತ್ತೇ ಹೇಳಿದ್ದೆ ಭಾವ," ಎಂದ. ಅಕ್ಕನ ಮುಖ ನೋಡಿ ಮುಂದಿನ ತಮಾಷೆಯನ್ನು ನುಂಗಿಕೊಂಡ. ಗೋಡೆ ಒಡೆದಂತೆ ಬಾಗಿಲು ಅಗಲವಾಯಿತು. ಧೂಳಿಗೆ ಹೆದರಿ ಷರಾ ಸಾಹೇಬ ಗಾಡಿಗೆ ಹೊದಿಕೆ ಹೊದಿಸಿ, ಅದನ್ನು ಅಪ್ಪಿಕೊಂಡು ಗೋಡೆಯತ್ತ ತಿರುಗಿ ನಿಂತ. ಹೊದಿಕೆಯೊಳಗೆ ಲೋಹ ಬೆಚ್ಚಗಿತ್ತು.

"ಭಾವ, ಎರಡೂ ಕಡೆ ಗೋಡೆ ಬಿಡಿಸಿದ್ದಾಯ್ತು. ಕೆಳಗಡೆ ಈ ಮರದ್ದು ಇರ್ಲಾ?"

ಅವನು ತಿರುಗಿ ನೋಡದೆ ಕೇಳಿದ. "ಎಷ್ಟು ಎತ್ತರ ಇದೆ?"

"ಒಂದು ಗೇಣು. ಸೈಲೆನ್ಸರ್ ತಾಗುತ್ತೆ."

ಕೈಬೆರಳು ಸವೆಯುವ ತನಕ ಉಜ್ಜಿದ ಸೈಲೆನ್ಸರ್. ಅದಕ್ಕೆ ಗೀರು?

"ಕಿತ್ತು ಹಾಕು," ಎಂದ. "ಸಿಮೆಂಟ್ ಮೆತ್ತಿ ಇಳಿಜಾರು ಮಾಡು. ನುಣ್ಣಗಿರಲಿ."

ಭಾಮೈದ ಹೇಳಿದಷ್ಟು ಮಾಡಿದ. ಗೆದ್ದಲು ಹಿಡಿದ ಮರ ಹಾರೆಗೆ ಪುಡಿಪುಡಿಯಾಗಿ ಎದ್ದು ಬಂತು. ಇಟ್ಟಿಗೆಚೂರಿನ ಜೊತೆ ಅದೂ ಗುಂಡಿ ತುಂಬಿಸಲು ಹೋಯಿತು.

ಸಿಮೆಂಟು ಒಣಗಿದ ಬೆಳಗ್ಗೆ ಷರಾ ಸಾಹೇಬ ಗಾಡಿ ಹತ್ತಿದ. ಹೆಂಡತಿ, ಭಾಮೈದ ಬೀದಿಯಲ್ಲಿ ನಿಂತರು. ಎದುರಿಗೆ ಅಗಲವಾದ ಬಾಗಿಲು, ಅದರ ತುಂಬ ಬಿಸಿಲು. ಅವನು ಕಿಕ್ ಹೊಡೆದ. ಎಂಜಿನ್ನು ಕೆಮ್ಮಿತು. ಮತ್ತೆ ಹೊಡೆದ. ಗಂಟಲು ಸರಿಮಾಡಿಕೊಂಡು ಗುಡುಗಿತು. ಕೋಣೆಯ ಗಾಜು ನಡುಗಿತು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಡಿಯಿತು. ಸೊಂಟವನ್ನು ಹಿಂದಿನಿಂದ ಎರಡು ತಣ್ಣನೆಯ ಕೈ ಬಳಸಿದವು. ಅವನು ತಿರುಗಲಿಲ್ಲ. ಕ್ಲಚ್ ಬಿಟ್ಟ.

ಗಾಡಿ ನುಗ್ಗಿತು. ಚಕ್ರ ಇಳಿಜಾರು ಮುಟ್ಟಿತು. ತಾಗಲಿಲ್ಲ. ಗೀರಲಿಲ್ಲ. ಬಿಸಿಲು ಮುಖಕ್ಕೆ ಬಿತ್ತು. ಹೆಂಡತಿ ಕೈ ಚಾಚಿದಳು. ಅವಳ ಬೆರಳು ಕಂಡಿತು. ಇನ್ನೊಂದು ಚೂರು.

ಕತ್ತಲು.

ಗೋಡೆ. ಕಿಟಕಿ. ಚೈನಿದ್ದ ತಟ್ಟೆ. ಕೋಣೆಯ ನಡುವೆ ಗಾಡಿ, ಗಾಡಿಯ ಮೇಲೆ ಅವನು. ಎದುರಿಗೆ ಅದೇ ಅಗಲವಾದ ಬಾಗಿಲು. ಎಂಜಿನ್ನು ತಾನಾಗಿಯೇ ನಿಂತಿತು.

"ಎಲ್ಲಾ ಸರಿಯಾಗೇ ಇತ್ತಲ್ರೀ," ಎಂದು ಹೆಂಡತಿ ಒಳಗೆ ಓಡಿಬಂದಳು. "ಕಾಲೂ ತಾಗ್ಲಿಲ್ಲ. ಮತ್ಯಾಕೆ?"

ಅವನ ಕಣ್ಣು ನುಣುಪಾದ ಸಿಮೆಂಟಿನ ಮೇಲೆ ನೆಟ್ಟಿತ್ತು. ಯಾರೂ ವಿವರಿಸಬೇಕಾಗಿರಲಿಲ್ಲ. ಇಂಥದ್ದನ್ನು ಅವನು ಕಣ್ಣುಮುಚ್ಚಿ ಹಿಡಿಯಬಲ್ಲವನಾಗಿದ್ದ.

"ಹೊಸ್ತಿಲು ಎಲ್ಲಿ?" ಎಂದು ಕೇಳಿದ.

"ನೀವೇ ಅಲ್ವಾ ಭಾವ ಕಿತ್ತು ಹಾಕು ಅಂದಿದ್ದು," ಎಂದ ಭಾಮೈದ ಬೀದಿಯಿಂದಲೇ. "ಬೇರೆ ಹಾಕಿಸೋಣ. ಇವತ್ತೇ ಹಾಕಿಸೋಣ."

"ಅದೇ ಹೊಸ್ತಿಲು," ಎಂದ ಷರಾ ಸಾಹೇಬ. ಕಚೇರಿಯ ಮೇಜಿನ ಆಚೆ ಕೂತು ಮಾತಾಡುವ ದನಿ ಅದು, ತಣ್ಣಗೆ, ತಪ್ಪಿಲ್ಲದೆ. "ಷರತ್ತು ಪೂರೈಸಿಲ್ಲ."

ಅವನು ಗಾಡಿಯಿಂದ ಇಳಿಯಲು ನೋಡಿದ. ತೊಡೆ ಸೀಟು ಬಿಟ್ಟು ಏಳಲಿಲ್ಲ. ಹ್ಯಾಂಡಲ್ಲಿನ ಮೇಲಿನ ಕೈಯಲ್ಲಿ ಬೆರಳೆಲ್ಲಿ ಮುಗಿದು ರಬ್ಬರೆಲ್ಲಿ ಶುರುವಾಗುತ್ತದೆಂದು ಗೊತ್ತಾಗಲಿಲ್ಲ.

ಮಧ್ಯಾಹ್ನ ಹೆಂಡತಿ ತಟ್ಟೆಯಲ್ಲಿ ಅನ್ನ ಕಲಸಿಕೊಂಡು ಬಂದು, ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು. ಅಳು ತಡೆದುಕೊಂಡು, ಒಂದೇ ಒಂದು ತುತ್ತು ತಿನ್ನಿ ಎಂದಳು. ಬಾಗಿಲಿಲ್ಲದ ಬಾಗಿಲಿನಿಂದ ಬೀದಿಯ ಗಾಳಿ ಧಾರಾಳವಾಗಿ ಒಳಬರುತ್ತಿತ್ತು. ಟ್ಯಾಂಕಿನ ಮೇಲೆ ಧೂಳು ಕೂರತೊಡಗಿತ್ತು.

ಅವನು ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಹಸಿವಿಲ್ಲ ಕಣೇ," ಎಂದ. "ಆಯಿಲ್ ಎಷ್ಟಿದೆ, ಸ್ವಲ್ಪ ನೋಡು."