ಭತ್ತದ ಗದ್ದೆಯಲ್ಲಿ ತೂಗಿದ ಸಿ.ಡಿ.

"ಇದನ್ನ ಗದ್ದ್ಯಾಗ ಕಟ್ಟಿದ್ರೇನ್ರಿ?"

ಸಿ.ಡಿ.ಯನ್ನು ಬೆಳಕಿಗೆ ಹಿಡಿದ ಸುಜಾತಾಳಿಗೆ ನಗು ತಡೆಯಲಾಗಲಿಲ್ಲ. ನಡುವಿನ ತೂತಿನಲ್ಲಿ ಒಂದು ತುಂಡು ಹುರಿ ಇನ್ನೂ ಹಾಗೇ ಇತ್ತು. ಹಕ್ಕಿ ಓಡಿಸಲು ಕಟ್ಟಿದ ಸಿ.ಡಿ.ಯನ್ನು ರಿಪೇರಿಗೆ ತಂದವರನ್ನು ಅವಳು ನೋಡಿದ್ದು ಇದೇ ಮೊದಲು.

ಕೌಂಟರಿನ ಆಚೆ ನಿಂತಿದ್ದವನು ನಗಲಿಲ್ಲ.

"ನಮ್ಮವ್ವ ಕಟ್ಟಿದ್ಳ್ರಿ. ಆಕಿಗೆ ಓದಾಕ ಬರಂಗಿಲ್ಲ. ಅದ್ರಾಗ ನನ್ನ ಹೆಂಡ್ತಿ ಧ್ವನಿ ಅದ. ಆಕಿ ತೀರಿ ನಾಕು ವರ್ಷ ಆತು."

ಸುಜಾತಾಳ ಮುಖದ ಮೇಲಿನ ನಗು ಎಲ್ಲಿ ಹೋಗಬೇಕೋ ತಿಳಿಯದೆ ಅಲ್ಲೇ ಒಣಗಿತು.

ಅವನ ಹೆಸರು ಶೇಖರ. ಊರು ಪೋತ್ನಾಳ, ಮಾನ್ವಿಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಂಡತಿ ಲಲಿತಾ ಅಂಗನವಾಡಿ ಟೀಚರ್ ಆಗಿದ್ದಳು. ಒಮ್ಮೆ ತರಬೇತಿಗೆಂದು ಅವಳು ಮಕ್ಕಳಿಗೆ ಕಥೆ ಹೇಳುವುದನ್ನು ಯಾರೋ ರೆಕಾರ್ಡ್ ಮಾಡಿ ಸಿ.ಡಿ.ಗೆ ಹಾಕಿಕೊಟ್ಟಿದ್ದರು. ಮನೆಯಲ್ಲಿ ಫೋಟೊಗಳಿದ್ದವು. ಧ್ವನಿ ಇದ್ದದ್ದು ಇದೊಂದರಲ್ಲೇ.

ಸುಜಾತಾಳಿಗೆ ಮೂವತ್ತೆಂಟು. ದೇವದುರ್ಗದಿಂದ ರಾಯಚೂರಿಗೆ ಬಂದು, ಸಿ.ಡಿ. ಬರೆಯುವ ಅಂಗಡಿಯಲ್ಲಿ ಕೆಲಸ ಕಲಿತು, ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ತನ್ನದೇ ಅಂಗಡಿ ಹಾಕಿದ್ದಳು. ಹಳೆಯ ಮದುವೆ ಕ್ಯಾಸೆಟ್ಟು, ಸಿ.ಡಿ.ಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಕೆಲಸ. ತಂಗಿಯನ್ನು ಓದಿಸಿ ಹೈದರಾಬಾದಿಗೆ ಮದುವೆ ಮಾಡಿಕೊಡುವಷ್ಟರಲ್ಲಿ ಅವಳ ಮದುವೆಯ ಮಾತು ಎತ್ತುವವರೇ ಉಳಿದಿರಲಿಲ್ಲ. ಅಂಗಡಿಯ ಹಿಂದೆ ಒಂದು ಕೋಣೆ. ಒಂದು ತಟ್ಟೆ, ಒಂದು ಲೋಟ. ದಿನವಿಡೀ ಬೇರೆಯವರ ಅರಿಶಿನ, ಅಕ್ಷತೆ, ಅಳುವ ತಾಯಂದಿರನ್ನು ಸ್ಕ್ರೀನಿನ ಮೇಲೆ ನೋಡಿ ಸಂಜೆ ಶಟರ್ ಎಳೆದರೆ, ಮರುದಿನ ಗಿರಾಕಿ ಬರುವವರೆಗೆ ಅವಳ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ.

"ಧ್ವನಿ ಎಲ್ಲಿರ್ತದ ಇದ್ರಾಗ?" ಶೇಖರ ಕೇಳಿದ. ಮಕ್ಕಳ ಲೆಕ್ಕ ನೋಡುವವನ ಹಾಗೆ ಹುಬ್ಬು ಗಂಟಿಕ್ಕಿ, ಕೌಂಟರಿನ ಮೇಲೆ ಬಾಗಿದ್ದ.

ಅವಳು ಒಂದು ಹೊಸ ಸಿ.ಡಿ. ತೆಗೆದು ತಿರುಗಿಸಿದಳು. "ಇದು ಬರೇ ಪ್ಲಾಸ್ಟಿಕ್ ರೀ ಸರ್. ಅಚ್ಚು ಹಾಕುವಾಗ್ಲೇ ಒಳಗಿಂದ ಹೊರಗ ಸುತ್ತಿಕೊಂಡು ಹೋಗೋ ಒಂದು ಗೀರು ಮೂಡಿರ್ತದ, ಕಣ್ಣಿಗೆ ಕಾಣಂಗಿಲ್ಲ. ಅದ್ರ ಮ್ಯಾಲ ಒಂದು ಹನಿ ಬಣ್ಣ ಬಿಟ್ಟು ಗರಗರ ತಿರುಗಿಸ್ತಾರ, ತೆಳ್ಳಗ ಹರಡ್ತದ. ಬಣ್ಣದ ಮ್ಯಾಲ ಬೆಳ್ಳಿ ಪೂಸ್ತಾರ. ಕಡೀಗೆ ವಾರ್ನಿಷ್."

"ಆಮ್ಯಾಲ?"

"ನಾವು ಬರೆಯೋ ಮುಂದ ಲೇಸರ್ ಆ ಬಣ್ಣನ ಚುಕ್ಕಿ ಚುಕ್ಕಿ ಸುಡ್ತದ. ಓದೋ ಮುಂದ ಮತ್ತ ಬೆಳಕು ಬಿಡ್ತೀವಿ. ಸುಡಲಾರದ ಕಡಿ ಬೆಳಕು ಛಲೋ ವಾಪಸ್ ಬರ್ತದ, ಸುಟ್ಟ ಕಡಿ ಮಂಕಾಗ್ತದ. ಮಷಿನ್ ಅಷ್ಟನ್ನ ಎಣಿಸಿ ಧ್ವನಿ ಮಾಡ್ತದ."

"ಸುಟ್ಟ ಗಾಯನ ಧ್ವನಿ ಅಂದಂಗಾತು," ಎಂದ ಅವನು. ಎಂದವನೇ ಸಂಕೋಚದಿಂದ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. ಕನ್ನಡಕವಿಲ್ಲದ ಆ ಕಣ್ಣುಗಳನ್ನು ಸುಜಾತಾ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು.

ಗದ್ದೆಯ ಸಿ.ಡಿ.ಯ ಸ್ಥಿತಿ ಕೆಟ್ಟಿತ್ತು. ಅಂಚಿನ ಬೆಳ್ಳಿ ಇಬ್ಬನಿಗೆ ಕಿತ್ತು ಬಂದಿತ್ತು. ಬಿಸಿಲಿಗೆ ಬಣ್ಣ ಮಾಸಿತ್ತು. ಸುಟ್ಟ ಚುಕ್ಕಿ ಯಾವುದು, ಸುಡದ ಜಾಗ ಯಾವುದು ಎಂದು ಮಷಿನ್ ತಡವರಿಸುತ್ತಿತ್ತು. "ಬರೆಯೋದು ಒಳಗಿಂದ ಶುರು ಆಗ್ತದ," ಎಂದಳು. "ನಡುವಿನ ಬೆಳ್ಳಿ ಇನ್ನಾ ಗಟ್ಟಿ ಅದ. ಪ್ರಯತ್ನ ಮಾಡ್ತೀನಿ. ಮುಂದಿನ ಭಾನುವಾರ ಬರ್ರಿ."

ಮುಂದಿನ ಭಾನುವಾರ ಅವನು ಬಸ್ ಸ್ಟ್ಯಾಂಡಿನಿಂದ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದ. ಅಷ್ಟರಲ್ಲಿ ಅವಳಿಗೆ ಸಿಕ್ಕಿದ್ದು ಎಂಟು ಸೆಕೆಂಡು: ಫ್ಯಾನಿನ ಸದ್ದು, ಯಾವುದೋ ಮಗುವಿನ ಕೆಮ್ಮು. ಅಷ್ಟಕ್ಕೇ ಅವನು ಹೆಡ್‌ಫೋನನ್ನು ಎರಡೂ ಕೈಯಿಂದ ಅದುಮಿ ಹಿಡಿದು ಕುಳಿತ. ಆಮೇಲೆ ಇಬ್ಬರೂ ಮಿರ್ಚಿ ತಿಂದರು.

"ಖಾರ ಹತ್ತೇತೇನ್ರಿ? ಕಣ್ಣಾಗ ನೀರು ಬಂದಾವ," ಎಂದ.

"ನಿಮಗ ಹತ್ತಿಲ್ಲೇನು?"

"ಹತ್ತೇದ. ಮೇಷ್ಟ್ರು ಅಲ್ರಿ, ತೋರಿಸಂಗಿಲ್ಲ."

ಅವಳು ನಕ್ಕಳು. ನಕ್ಕಿದ್ದು ತನ್ನದೇ ಕಿವಿಗೆ ಹೊಸದಾಗಿ ಕೇಳಿಸಿತು.

ಬುಧವಾರ ಮಧ್ಯಾಹ್ನ ಧ್ವನಿ ಸಿಕ್ಕಿತು. ಅಟ್ಟದ ಮೇಲಿದ್ದ ಹಳೆಯ ಸಿ.ಡಿ. ಡ್ರೈವ್ ಒಂದನ್ನು ಇಳಿಸಿ, ಅದರ ಲೆನ್ಸ್ ಒರೆಸಿ, ಅತಿ ನಿಧಾನದ ವೇಗಕ್ಕೆ ಇಟ್ಟು ಓದಿಸಿದಳು. ಒಂದೇ ಜಾಗವನ್ನು ಅದು ನೂರು ಸಲ ತಿರುಗಿ ತಿರುಗಿ ಓದಿತು. ಹನ್ನೊಂದು ನಿಮಿಷ ಬಂತು.

ಹದವಾದ, ನಗು ಬೆರೆತ ಧ್ವನಿ. ನರಿಯ ಕಥೆ. ನಡುವೆ ಕಥೆ ನಿಲ್ಲಿಸಿ ಲಲಿತಾ ಯಾರಿಗೋ ಅನ್ನುತ್ತಾಳೆ: "ಏನ್ ಸರ್, ಬಾಗ್ಲಾಗ ನಿಂತು ಕದ್ದು ಕೇಳಾಕತ್ತೀರಿ? ಒಳಗ ಬಂದು ಮಕ್ಕಳ ಜೋಡಿ ಕುಂದ್ರಿ!" ಮಕ್ಕಳು ಹೋ ಎಂದು ನಗುತ್ತಾರೆ. ಗಂಡಸೊಬ್ಬನ ಗಂಟಲು ನಾಚಿಕೊಂಡು ಕೆಮ್ಮುತ್ತದೆ.

ಸುಜಾತಾ ಅದನ್ನು ಮೂರು ಸಲ ಕೇಳಿದಳು. ಮೂರನೆಯ ಸಲ ಅಳು ಬಂತು, ಯಾರಿಗಾಗಿ ಎಂದು ತಿಳಿಯಲಿಲ್ಲ. ಪೆನ್‌ಡ್ರೈವ್ ಅವನ ಕೈಗೆ ಹೋದರೆ, ಇನ್ನು ಪೋತ್ನಾಳದ ಬಸ್ಸಿಗೂ ಈ ಅಂಗಡಿಗೂ ಏನು ಸಂಬಂಧ?

ಭಾನುವಾರ ಅವನು ಬಂದಾಗ ಅವಳ ಬಾಯಿಂದ ಬಂದದ್ದು ಇಷ್ಟೇ: "ಇನ್ನಾ ಆಗಿಲ್ರಿ."

ಹಾಗೆ ಮೂರು ವಾರ ಹೇಳಿದಳು. ಅವನು ಒಮ್ಮೆ ಪೇರಲ ಹಣ್ಣು ತಂದ. ಒಮ್ಮೆ ಅವಳ ಟೇಬಲ್ ಫ್ಯಾನಿನ ಸಡಿಲ ಸ್ಕ್ರೂ ಬಿಗಿದುಕೊಟ್ಟ. ಅವಳು ಭಾನುವಾರಗಳಿಗೆಂದು ಒಂದು ನೀಲಿ ಸೀರೆ ತೆಗೆದಿಟ್ಟಳು. ಆದರೆ 'ಸರ್' ಎಂದು ಕರೆಯುವುದನ್ನು ಬಿಟ್ಟಿದ್ದಳು. ಆ ಕರೆ ಲಲಿತಾಳದು ಎಂದು ಅವಳಿಗೆ ಈಗ ಗೊತ್ತಿತ್ತು.

ಮೂರನೆಯ ವಾರ ಸುಮ್ಮನೆ ಮಾತಿಗೆಂದು ಕೇಳಿದಳು. "ನಿಮ್ಮವ್ವ ಹೆಂಗದಾರ?"

"ಮಾತಾಡ್ಸಿಲ್ರಿ," ಎಂದ ಶೇಖರ ನೆಲ ನೋಡುತ್ತ. "ಗದ್ದ್ಯಾಗ ಅದನ್ನ ಕಂಡ ದಿನದಿಂದ. ಧ್ವನಿ ಸಿಕ್ಕ ಮ್ಯಾಲೇ ಮಾತಾಡ್ತೀನಂತ ಹಠ ಹಿಡದೀನಿ. ಆಕಿ ನನಗ ರೊಟ್ಟಿ ನೀಡಿ, ತನ್ನ ತಾಟು ತೊಗೊಂಡು ಹೊರಗ ಕಟ್ಟಿ ಮ್ಯಾಲ ಹೋಗಿ ಕುಂದರ್ತಾಳ. ತಪ್ಪು ನನ್ನದೇ, ಗೊತ್ತದ. ಬಾಯಿ ಬರವಲ್ತು."

ಒಂಟಿಯಾಗಿ ಉಣ್ಣುವುದೆಂದರೇನು ಎಂದು ಸುಜಾತಾಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಡ್ರಾವರ್ ಎಳೆದು ಪೆನ್‌ಡ್ರೈವ್ ತೆಗೆದು ಕೌಂಟರಿನ ಮೇಲಿಟ್ಟಳು.

"ಆಗ್ಯದ. ಹನ್ನೊಂದು ನಿಮಿಷ."

"ಯಾವಾಗ ಆತು?"

"ಹತ್ತತ್ರ ಮೂರು ವಾರ ಆತ್ರಿ."

ಅವನು ಹೆಡ್‌ಫೋನ್ ಹಾಕಿಕೊಂಡು, ಗೋಡೆಯ ಕಡೆ ತಿರುಗಿ ಕುಳಿತು, ಹನ್ನೊಂದು ನಿಮಿಷ ಕೇಳಿದ. ಅವನ ಬೆನ್ನು ಅಲುಗುವುದನ್ನು ಅವಳು ನೋಡಿದಳು. ಎದ್ದಾಗ ಅವನ ಮುಖದಲ್ಲಿ ಕೃತಜ್ಞತೆಯೂ ಇತ್ತು, ನೋವೂ ಇತ್ತು.

"ಮೂರು ವಾರ ನಮ್ಮವ್ವ ಒಬ್ಬಾಕಿನ ಉಂಡ್ಳ್ರಿ," ಎಂದಷ್ಟೇ ಹೇಳಿ ಹೊರಟುಹೋದ.

ಎರಡು ಭಾನುವಾರ ಯಾರೂ ಬರಲಿಲ್ಲ. ನೀಲಿ ಸೀರೆಯನ್ನು ಅವಳು ಪೆಟ್ಟಿಗೆಯ ತಳಕ್ಕೆ ಹಾಕಿದಳು. ಮೂರನೆಯ ಭಾನುವಾರ ಬೆಳಿಗ್ಗೆ ಅಂಗಡಿ ತೆರೆಯದೆ ಪೋತ್ನಾಳದ ಬಸ್ಸು ಹತ್ತಿದಳು.

ಶೇಖರನ ತಾಯಿ ಗೋಪಮ್ಮ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದರು. ಸುಜಾತಾ ನಿಂತೇ ಎಲ್ಲ ಹೇಳಿದಳು. "ನಿಮಗ ತ್ರಾಸ ಕೊಟ್ಟಾಕಿ ನಾನು. ಕ್ಷಮಿಸವ್ವಾ."

ಮುದುಕಿ ಮೊರ ಪಕ್ಕಕ್ಕಿಟ್ಟರು. "ಅವತ್ತ ಅವ ಬಂದು ಮೊದ್ಲು ನನ್ನ ಕಿವಿಗೇ ಇಟ್ನವ್ವ ಅದನ್ನ. ಇಬ್ರೂ ಕುಂತು ಅತ್ವಿ." ನಂತರ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಮೂರು ವಾರ ಯಾಕ ಇಟ್ಕೊಂಡಿದ್ದಿ?"

"ಕೊಟ್ರ ಅವ್ರು ಬರೋದು ನಿಂತಬಿಡ್ತದಂತ."

"ಒಬ್ಬಾಕಿನ ಇರ್ತಿ ಏನು?" ಎಂದು ಗೋಪಮ್ಮ ಕೇಳಿ, ಉತ್ತರಕ್ಕೂ ಕಾಯದೆ ಒಳಗೆ ಹೋಗಿ ತಾಟು ಹಾಕಿದರು. ಮೂರು ತಾಟು. ಗದ್ದೆಯಿಂದ ಬಂದ ಶೇಖರ ಅವಳನ್ನು ಕಂಡು ಕಾಲು ತೊಳೆಯುವುದನ್ನೂ ಮರೆತು ನಿಂತ. ಉಣ್ಣುವಾಗ ಮಾತಾಡಿದ್ದು ಮುದುಕಿಯೊಬ್ಬರೇ.

ಸಂಜೆ ಅವನು ಅವಳನ್ನು ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದ.

"ನಿಮ್ಮ ಮ್ಯಾಲ ಸಿಟ್ಟು ಇನ್ನಾ ಅದ," ಎಂದ.

"ಇರ್ಲಿ ಬಿಡ್ರಿ."

"ಎರಡು ಭಾನುವಾರನೂ ಹೊಂಟಿದ್ದೆ. ಅರ್ಧ ದಾರಿ, ಮಾನ್ವಿತನ ಹೋಗಿ, ಇಳದು, ತಿರುಗಿ ಮನಿಗೆ ಬಂದೆ." ಅವನು ಕನ್ನಡಕ ತೆಗೆದ. ಒರೆಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಅವಳನ್ನು ನೋಡಿದ. "ಅಂಗಡಿಗೆ ಏನಂತ ಬರ್ಲಿ? ಕೊಡಾಕ ನನ್ನ ಹತ್ರ ಕೆಲಸ ಇಲ್ಲ."

ಬಸ್ಸು ಬಂದು ನಿಂತಿತು. ಸುಜಾತಾ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

"ಸುಮ್ನ ಬರ್ರಿ, ಶೇಖರ," ಎಂದಳು. "ಮಾನ್ವ್ಯಾಗ ಇಳೀಬ್ಯಾಡ್ರಿ."