ಒಳಗಿನಿಂದ ಹಾಕಿದ ಗಂಟು

ಬೆಳಕು ಹರಿಯುತ್ತಿತ್ತು. ನ್ಯಾಲ್ಕಲ್ ದಾರಿಯ ಹೊಲದಲ್ಲಿ ಕುರಿದೊಡ್ಡಿಯ ಬಿದಿರ ಬಾಗಿಲು ತೆಗೆಯಲು ಹೋದ ಮೋನಮ್ಮ ಅಲ್ಲೇ ನಿಂತಳು. ಬಾಗಿಲಿಗೆ ಒಳಗಿನಿಂದ ಗಂಟು ಬಿದ್ದಿತ್ತು. ಹಗ್ಗದ ಗಂಟಲ್ಲ, ಕೆಂಪು ರಿಬ್ಬನ್ನಿನದು.

“ಇಲ್ಲಿ ಬಾರೋ! ನಿನ್ನ ಕುರಿ ಯಾವಾಗ ಬಾಗಲಾ ಕಟ್ಟಿಕೊಳ್ಳಾಕ ಕಲ್ತವು?” ಎಂದು ಗಂಡನನ್ನು ಕೂಗಿದಳು.

ನಗುತ್ತ ಬಂದ ಧರ್ಮಣ್ಣ ಒಳಗೆ ಇಣುಕಿದ. ನಗು ಅಲ್ಲೇ ಆರಿತು. ಕುರಿಗಳ ನಡುವೆ, ಮರಿಯೊಂದನ್ನು ತಬ್ಬಿಕೊಂಡು, ಪುಟ್ಟ ಹುಡುಗಿಯೊಬ್ಬಳು ಮುದುಡಿ ಮಲಗಿದ್ದಳು. ಅಂಗಾಲಿನ ತುಂಬ ಮುಳ್ಳು. ಅಂಗಿಯ ಮೇಲೆ ಶಿಲುಬೆಯ ಗುರುತು. ಮುಟ್ಟಲು ಹೋದರೆ ಚೀರಿದಳು. ಧರ್ಮಣ್ಣ ಹಿಂದೆ ಸರಿದು ನಿಂತ ಮೇಲೆಯೇ ಆ ಚೀರಾಟ ಅಡಗಿತು.

*

ತೆಲಂಗಾಣಕ್ಕಾಗಿ ಸಕಲ ಜನರ ಮುಷ್ಕರ ನಡೆದಿದ್ದ ದಿನಗಳವು. ಬಸ್ಸಿಲ್ಲ, ಶಾಲೆಯಿಲ್ಲ, ಅಂಗಡಿಗಳ ಬಾಗಿಲು ಅರ್ಧ ಎಳೆದಿರುತ್ತಿತ್ತು. ಹೆದ್ದಾರಿಯ ಬಂದೋಬಸ್ತು ಮುಗಿಸಿ ಹೆಡ್ ಕಾನ್ಸ್‌ಟೇಬಲ್ ಗೌತಮಿ ಮಧ್ಯಾಹ್ನ ಜಹೀರಾಬಾದಿನ ಠಾಣೆಗೆ ಬಂದಾಗ ಒಳಗೆ ಗಿಣಿಯೊಂದು ಕೂಗುತ್ತಿತ್ತು. ಗಿಣಿ ಪಂಜರದಲ್ಲಿ, ಅದರ ಒಡೆಯ ಲಾಕಪ್ಪಿನಲ್ಲಿ.

“ಕೇಸು ಮುಗಿಯಿತು ಗೌತಮಿ,” ಎಂದ ಎಸ್.ಐ. ಯಾದಗಿರಿ ತೆಲುಗಿನಲ್ಲಿ. ನಲ್ಗೊಂಡ ಕಡೆಯವ, ಕನ್ನಡ ಬಾರದು. “ಕರುಣಾ ಮಂದಿರ ಚರ್ಚಿನ ಹಾಸ್ಟೆಲ್ ಹುಡುಗಿ, ಎಸ್ತೇರು ಅಂತ. ರಾತ್ರಿ ಕಾಣೆಯಾಗಿದ್ದಳು. ಕುರುಬರ ದೊಡ್ಡಿಯಲ್ಲಿ ಸಿಕ್ಕಳು. ಬೆಳಗಿನಿಂದ ಒಂದೇ ಮಾತು ಅವಳದು: ಗಿಣಿ, ಗಿಣಿ. ಇವನು ಗಿಣಿಶಾಸ್ತ್ರದ ಶಿವರಾಯ, ಹಾಸ್ಟೆಲ್ ಗೇಟಿನ ಮುಂದೆಯೇ ಕೂಡುವವ. ಗಿಣಿ ತೋರಿಸಿ ಪುಸಲಾಯಿಸಿದ್ದಾನೆ.”

“ಬಾಯೋರ,” ಕಂಬಿಯ ಹಿಂದಿನಿಂದ ಶಿವರಾಯ ಅಳುದನಿ ತೆಗೆದ. “ಎಲ್ಲಾರ ನಸೀಬು ಹೇಳೋ ಗಿಣಿ ಇದು. ನನ್ನ ನಸೀಬು ಒಂದು ಹೇಳಲಿಲ್ಲ ನೋಡ್ರಿ!”

“ಹುಡುಗಿಯನ್ನು ಏನು ಮಾಡುತ್ತೀರಿ ಸಾರ್?”

“ಅಪ್ಪ ಅಮ್ಮ ತಾಂಡೂರಿನ ಕಲ್ಲುಗಣಿಯಲ್ಲಿದ್ದಾರೆ. ಬಸ್ಸಿಲ್ಲದೆ ಬರುವುದು ಹೇಗೆ? ಸಂಜೆ ದೇವದಾನಂ ಗಾರು ಹಾಸ್ಟೆಲ್ಲಿಗೆ ವಾಪಸು ಕರೆದೊಯ್ಯುತ್ತಾರೆ.”

ಪಡಸಾಲೆಯ ಕುರ್ಚಿಯಲ್ಲಿ ದೇವದಾನ ಕೂತಿದ್ದ. ಚರ್ಚಿನ ಸಭೆಯ ಹಿರಿಯ, ಹಾಸ್ಟೆಲ್ಲಿನ ಉಸ್ತುವಾರಿ. ಬೀದರಿನವ. ಅವನು ಕೀರ್ತನೆ ಎತ್ತಿಕೊಂಡರೆ ಬೀದಿಯವರೂ ನಿಂತು ಕೇಳುತ್ತಿದ್ದರು. ತೊಡೆಯ ಮೇಲೆ ಬಿಸ್ಕತ್ತಿನ ಪೊಟ್ಟಣ. ಗೇಟಿನ ಹತ್ತಿರ ಅವನ ಜೀಪು.

“ಕೂಸು ಭಾಳ ಅಂಜ್ಯದರಿ ಮೇಡಂ,” ಎಂದು ಕೈಮುಗಿದ.

*

ಒಳಕೋಣೆಯಲ್ಲಿ ಮೋನಮ್ಮ ಇನ್ನೂ ಕೂತೇ ಇದ್ದಳು. ಎಸ್ತೇರು ಅವಳ ಸೆರಗು ಬಿಟ್ಟಿರಲಿಲ್ಲ. ಇನ್ನೊಂದು ಮುಷ್ಟಿಯಲ್ಲಿ ಕೆಂಪು ರಿಬ್ಬನ್.

ಗೌತಮಿ ಹತ್ತಿರ ಹೋಗಲಿಲ್ಲ. ಟೋಪಿ ತೆಗೆದು ದೂರದಲ್ಲೇ ನೆಲಕ್ಕೆ ಕೂತಳು. ಹುಡುಗಿಯ ಕಣ್ಣು ಅವಳ ಮೇಲಿರಲಿಲ್ಲ, ಬಾಗಿಲ ಮೇಲಿತ್ತು.

“ಯಾಕ ಎಸ್ತೇರು? ಬಾಗಲಾ ಯಾಕ ನೋಡ್ತಿ?”

ಹುಡುಗಿಯ ತುಟಿ ಅಲುಗಿತು. “ಚಿಲಕ ಇಲ್ರಿ.”

ಗೌತಮಿ ತಲೆಯೆತ್ತಿದಳು. ತೆಲುಗಿನಲ್ಲಿ ಚಿಲಕ ಅಂದರೆ ಗಿಣಿ. ಆದರೆ ಈ ಕೂಸು ಮಾತಾಡುತ್ತಿರುವುದು ಕನ್ನಡ. ಗೌತಮಿಯ ಮನೆಯಲ್ಲಿ ಅವಳ ತಾಯಿ ದಿನವೂ ಆಡುವ ಮಾತು: ಬಾಗಲಾ ಮುಂದ ಮಾಡಿ ಚಿಲಕ ಹಾಕು.

ಅವಳೂ ಬಾಗಿಲ ಕಡೆ ನೋಡಿದಳು. ಅಲ್ಲಿ ಬರೀ ಪರದೆ.

“ದೊಡ್ಡಿ ಬಾಗಲಾನೂ ಒಳಗಿಂದ ಕಟ್ಟಿದ್ಳರಿ,” ಎಂದಳು ಮೋನಮ್ಮ, ಮೆಲ್ಲಗೆ.

ಹಾಗಾದರೆ ಈ ಮಗುವನ್ನು ಯಾರೂ ಒಯ್ದಿಲ್ಲ. ಒಳಗಿನಿಂದ ಮುಚ್ಚಿಕೊಳ್ಳಬಹುದಾದ ಒಂದು ಬಾಗಿಲನ್ನು ಹುಡುಕಿಕೊಂಡು ಕತ್ತಲಲ್ಲಿ ಅಷ್ಟು ದೂರ ತಾನೇ ನಡೆದಿದೆ.

“ಅವ್ವಾ, ನಾ ಬರೂತನಕ ಇಕೀನ ಯಾರ ಕೈಯಾಗೂ ಕೊಡಬ್ಯಾಡ,” ಎಂದಳು ಗೌತಮಿ ಮೋನಮ್ಮನಿಗೆ.

“ಸಾಹೇಬ್ರು ಕೇಳಿದ್ರ?”

“ಮುಳ್ಳು ತೆಗಿಯಾಕ ಹತ್ತೀನಿ ಅನ್ನು.”

“ಮುಳ್ಳಿಗೇನ ಬರ ಇಲ್ಲ ಬಿಡು, ನಮ್ಮ ಹೊಲದಾಗ!”

ಹೊರಗೆ ಬಂದು ಗೌತಮಿ ಯಾದಗಿರಿಯನ್ನು ಕೇಳಿದಳು. “ಹುಡುಗಿಯ ಮಾತು ನಿಮಗೆ ತಿಳಿದದ್ದು ಹೇಗೆ ಸಾರ್?”

“ಆ ಮಾತು ತೆಲುಗೇ ಅಲ್ಲವೇ! ಆದರೂ ದೇವದಾನಂ ಗಾರನ್ನು ಕೇಳಿದೆ. ಹೌದು, ಗಿಣಿ ಅಂತಿದ್ದಾಳೆ ಅಂದರು. ಗೇಟಿನ ಮುಂದಿನ ಶಿವರಾಯನನ್ನು ನೆನಪಿಸಿದ್ದೂ ಅವರೇ.”

ಗೌತಮಿ ಬಾಯಿ ತೆರೆದಳು. ಪಡಸಾಲೆಯ ಕುರ್ಚಿ ಕಿರ್ ಎಂದಿತು. ಬಾಯಿ ಮುಚ್ಚಿದಳು. ಬರೀ ಒಂದು ಮಾತಿನ ಮೇಲೆ ಊರಿನ ದೊಡ್ಡ ಮನುಷ್ಯನನ್ನು ಹಿಡಿಯಲಾಗದು.

“ಹಾಸ್ಟೆಲ್ ನೋಡಿ ಬರುತ್ತೇನೆ ಸಾರ್.”

“ಬೇಗ ಬಾ. ಅವರನ್ನು ಎಷ್ಟು ಹೊತ್ತು ಕೂಡಿಸಲಿ?”

*

ಹಾಸ್ಟೆಲ್ಲಿನಲ್ಲಿ ದೂರದೂರಿನ ನಾಲ್ಕಾರು ಹುಡುಗಿಯರು ಮಾತ್ರ ಉಳಿದಿದ್ದರು. ಅವರು ಮಲಗುವ ಕೋಣೆಯ ಬಾಗಿಲಿಗೆ ನೀಲಿ ಬಣ್ಣ. ಹೊರಗಡೆ ಚಿಲಕ ಹೊಳೆಯುತ್ತಿತ್ತು. ಒಳಗಡೆ ಇರಲಿಲ್ಲ.

“ಎಲ್ಲದ ಬಾಯೋರ, ಒಳಗಿನ ಚಿಲಕ?”

ಮೇಟ್ರನ್ ಸುಂದರಬಾಯಿ ತಡವರಿಸಿದಳು. “ಮುರಿದಿತ್ತು ಅಂದ್ರು. ಮುಷ್ಕರಕ್ಕ ಅಂಗಡಿ ಬಂದ್ ಅವ, ಹೊಸಾದು ಸಿಗವಲ್ದು ಅಂದ್ರು.”

ಗೌತಮಿ ಬೆರಳಾಡಿಸಿದಳು. ತಿರುಪಿನ ತೂತುಗಳನ್ನು ಲಪ್ಪ ಮೆತ್ತಿ ಮುಚ್ಚಿ, ಮೇಲೆ ನುಣ್ಣಗೆ ಬಣ್ಣ ಹೊಡೆದಿದ್ದರು.

“ಬಣ್ಣ ಯಾವಾಗ ಹಚ್ಚಿದ್ದು?”

“ಮುಷ್ಕರಕ್ಕ ಮೊದಲ.”

“ಅಂಗಡಿ ತೆರೆದಿದ್ವಲ್ಲ ಆವಾಗ! ಹೊಸಾ ಚಿಲಕ ಹಾಕೋರು ತೂತು ಮುಚ್ಚಿ ಬಣ್ಣ ಹಚ್ತಾರೇನು?”

ಸುಂದರಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಕಣ್ಣು ಬಾಗಿಲಿಗೆ ಹೋಯಿತು. ಅಲ್ಲಿ ಚರ್ಚಿನ ಪಾಸ್ಟರ್ ಇಶ್ರಾಯೇಲು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. ಇವರೇನಾ? ಗೌತಮಿಯ ಕೈ ಲಾಠಿಗೆ ಹೋಯಿತು.

“ಅಯ್ಯಗಾರು ಅಲ್ರಿ!” ಸುಂದರಬಾಯಿ ಅತ್ತುಬಿಟ್ಟಳು. “ದೇವದಾನಪ್ಪೋರು. ಚಿಲಕ ತೆಗೆಸಿದ್ದು ಅವರು. ಇಲ್ಲಿ ಮಲಗ್ತಿದ್ದ ನನ್ನ ಹಾಸಗಿ ಮುಂದಿನ ಮನಿಗಿ ಹಾಕಿಸಿದ್ದೂ ಅವರು. ಕೂಸು ನನಗ ಹೇಳಿತ್ತು, ಅವರು ರಾತ್ರಿ ಒಳಗ ಬರ್ತಾರ, ನನಗ ಅಂಜಿಕಿ ಅಂತ. ನಾ ಅಯ್ಯಗಾರಿಗಿ ಹೇಳ್ದೆ.”

“ಪ್ರಾರ್ಥನೆ ಮಾಡೋಣ ಅಂದೆ,” ಎಂದರು ಪಾಸ್ಟರ್, ನೆಲ ನೋಡುತ್ತ. “ದೇವರ ಮನೆಯ ಮಾತು ಬೀದಿಗೆ ಬೇಡ ಅಂದೆ.”

ಚರ್ಚಿನ ಆವರಣವೆಂದು ಗೌತಮಿ ಒಳಗೆ ಬರುವಾಗ ಬೂಟು ಕಳಚಿಟ್ಟು ಬಂದಿದ್ದಳು. ಯಾರ ದೇವರಾದರೂ ದೇವರೇ ಅವಳಿಗೆ. “ಪ್ರಾರ್ಥನಾ ಬ್ಯಾಡ ಅನ್ನಾಂಗಿಲ್ಲ ಅಯ್ಯಗಾರು. ಆದ್ರ ಕೂಸಿನ ಮಾತು ದೇವರಿಗಿಂತ ಮೊದಲ ನಿಮ್ಮ ಕಿವಿಗಿ ಬಿದ್ದಿತ್ತು. ನಡೀರಿ, ಠಾಣೇದಾಗ ಹೇಳ್ರಿ.”

*

ಠಾಣೆಯಲ್ಲಿ ಮೋನಮ್ಮ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಎದುರಿಗೆ ಸಿಟ್ಟಿಗೆ ಕೆಂಪಾದ ಯಾದಗಿರಿ, ಹಿಂದೆ ಬಿಸ್ಕತ್ತು ಹಿಡಿದ ದೇವದಾನ.

“ಮುಳ್ಳು ಮುಗೀವಲ್ದು ಸಾಹೇಬ್ರ!”

ಗೌತಮಿ ಸಮಾಧಾನದಿಂದ ಬಂದಳು. ಪಾಸ್ಟರ್, ಸುಂದರಬಾಯಿ ಹೊರಗೇ ಉಳಿದರು. “ಸಾರ್, ಹುಡುಗಿಯನ್ನು ಒಪ್ಪಿಸಿದ್ದಕ್ಕೆ ಇವರ ರುಜು ಒಂದು ಹಾಕಿಸಿಕೊಳ್ಳೋಣ.” ಎಸ್.ಐ. ಕೋಣೆಗೆ ಇಬ್ಬರನ್ನೂ ಕರೆದಳು. ಬೀದಿಯಲ್ಲಿ ‘ಜೈ ತೆಲಂಗಾಣ’ ಘೋಷಣೆ ಜೋರಾಗಿತ್ತು. ಹಿಂದೆ ಬರುತ್ತಿದ್ದ ದೇವದಾನನಿಗೆ ತಿರುಗಿಯೂ ನೋಡದೆ ಕನ್ನಡದಲ್ಲಿ ಹೇಳಿದಳು.

“ಭಾಳ ಗದ್ದಲ ಅದರಿ ಹಿರಿಯರ. ಹಂಗೇ ಚಿಲಕ ಹಾಕ್ರಿ.”

ಟಕ್. ದೇವದಾನ ಚಿಲಕ ಹಾಕಿದ.

ಗೌತಮಿ ಯಾದಗಿರಿಯತ್ತ ನೋಡಿದಳು. “ನಾನು ಯಾವ ಮಾತು ಅಂದೆ ಸಾರ್?”

“ಚಿಲಕ... ಅಂದರೆ ಗಿಣಿ...” ಯಾದಗಿರಿಯ ಕಣ್ಣು ಬಾಗಿಲ ಮೇಲಿನ ಕೈಗೆ ಹೋಯಿತು. ಅಲ್ಲೇ ನಿಂತಿತು. ದೇವದಾನ ಬಿಸಿ ಹಂಚು ಮುಟ್ಟಿದವನಂತೆ ಕೈ ಕಿತ್ತುಕೊಂಡ.

“ಕನ್ನಡದಲ್ಲಿ ಇದರ ಅರ್ಥ ಇವರ ಕೈಗೇ ಗೊತ್ತು ಸಾರ್. ಹುಡುಗಿ ಅಂದದ್ದು, ಬಾಗಿಲಿಗೆ ಚಿಲಕವಿಲ್ಲ ಅಂತ. ನೀವು ತಪ್ಪು ತಿಳಿದಿರಿ, ನಿಮಗೆ ಭಾಷೆ ಬಾರದು. ಇವರದು ಹುಟ್ಟುಭಾಷೆ. ಬೇಕಂತಲೇ ಗಿಣಿ ಮಾಡಿದರು, ಬಡಪಾಯಿಯೊಬ್ಬನನ್ನು ತೋರಿಸಿಕೊಟ್ಟರು. ಚಿಲಕ ಮುರಿದಿತ್ತು ಅನ್ನುವುದೂ ಸುಳ್ಳು. ಮತ್ತೆ ಹಾಕುವ ಮನಸ್ಸಿದ್ದರೆ ತೂತು ಮುಚ್ಚಿಸುತ್ತಿರಲಿಲ್ಲ. ಸಾಕ್ಷಿ ಹೇಳುವವರು ಹೊರಗಿದ್ದಾರೆ.”

“ಮೇಡಂ, ಸಭೆಯ ಹೆಸರು...” ದೇವದಾನ ಮತ್ತೆ ಕೈಮುಗಿದ.

“ಅದನ್ನ ನೀವು ಆವಾಗ ನೆನಸಬೇಕಿತ್ರಿ.”

ಯಾದಗಿರಿ ತಾನೇ ಎದ್ದು ಬಾಗಿಲು ತೆರೆದ. ಸ್ವಲ್ಪ ಹೊತ್ತಿನಲ್ಲಿ ಲಾಕಪ್ಪಿನೊಳಗಿನವ ಬದಲಾದ. ಶಿವರಾಯ ಪಂಜರ ಎತ್ತಿಕೊಂಡು ಹಿಂದೆ ನೋಡದೆ ನಡೆದ.

*

ತಾಂಡೂರಿಗೆ ಫೋನು ಹೋಯಿತು. ತಂದೆತಾಯಿ ಕಲ್ಲಿನ ಲಾರಿ ಹಿಡಿದು ಹೊರಟರು. ಉಳಿದ ಹುಡುಗಿಯರ ಜೊತೆ ಮಹಿಳಾ ಪೇದೆಯೊಬ್ಬಳು ಕೂತಳು. ಎಸ್ತೇರಳನ್ನು ಗೌತಮಿ ತನ್ನ ಮನೆಗೆ ಕರೆತಂದಳು, ಮೋನಮ್ಮನ ಸಮೇತ.

ಹೊತ್ತು ಇಳಿಯುತ್ತಿತ್ತು. ಕೋಣೆಯ ಬಾಗಿಲಲ್ಲಿ ಹುಡುಗಿ ನಿಂತಳು. ಚಿಲಕ ನೋಡಿದಳು.

“ನಾನೇ ಹಾಕ್ಲೇನ್ರಿ?”

“ನೀನೇ ಹಾಕವ್ವ. ನೀನೇ ತೆಗಿ.”

ಟಕ್. ಗೌತಮಿ ಹೊರಗೆ ಗೋಡೆಗೆ ಒರಗಿ ಕೂತಳು. ತಾಯಿ ಕೊಟ್ಟ ಚಹಾ ಆರಿತು. ಒಳಗೆ ಸದ್ದೇ ಇಲ್ಲ. ತಾನು ಇನ್ನೂ ಒಂದಿಷ್ಟು ತಡ ಮಾಡಿದ್ದರೆ, ಜೀಪು ಹೋಗಿಬಿಟ್ಟಿದ್ದರೆ ಎಂಬ ಯೋಚನೆ ಈಗ ಬಂತು.

ಮತ್ತೆ ಟಕ್. ಬಾಗಿಲು ಚೂರು ತೆರೆಯಿತು. ಸಂದಿಯಿಂದ ಸಣ್ಣ ಕೈಯೊಂದು ಹೊರಗೆ ಬಂತು. ಕೈಯಲ್ಲಿ ಕೆಂಪು ರಿಬ್ಬನ್.

“ತಲಿ ಬಾಚಿ ಜಡಿ ಹಾಕ್ತೀರೇನ್ರಿ?”