ಹೊತ್ತು ಮುಳುಗುವ ಮುಂಚಿನ ಊಟ

ಸಾಂಗ್ಲಿಯ ಬೆಲ್ಲದ ಪೇಟೆಯಲ್ಲಿ ಭೂಪಾಲನಷ್ಟು ಧೈರ್ಯದ ಗಂಡು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಹರಾಜಿನಲ್ಲಿ ಅವನೊಮ್ಮೆ ದನಿ ಎತ್ತಿದರೆ ಹರದಾರಿ ದೂರದ ಸಮಡೋಳಿ ಊರಿನ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ಕೃಷ್ಣೆ ಒಂದು ಗಳಿಗೆ ನಿಂತು, ರೇಟು ಕೇಳಿಕೊಂಡೇ ಮುಂದೆ ಹರಿಯುತ್ತಿದ್ದಳು. ಇಂಥವನು ತನ್ನ ಅವ್ವ ಶಾಲನಬಾಯಿಯ ಮುಂದೆ ಒಂದು ಮಾತು ಹೇಳಲಾರದೆ ವರ್ಷಗಟ್ಟಲೆ ಬಾಯಿ ಹೊಲಿದುಕೊಂಡು ಕೂತಿದ್ದ.

ಆ ಮಾತಿನ ಹೆಸರು ಸಲೋಮಿ.

ಅವಳು ಮಿರಜದ ಮಿಶನ್ ಆಸ್ಪತ್ರೆಯ ನರ್ಸು. ಕುದಿಯುವ ಬೆಲ್ಲದ ಪಾಕ ಸಿಡಿದು ಮುಂಗೈ ಸುಟ್ಟುಕೊಂಡು ಹೋದಾಗ ಅವನ ನರಳಾಟ ಮೂರು ಜಿಲ್ಲೆಗೆ ಕೇಳಿಸಿತ್ತು. ಅವಳು ಮುಲಾಮು ಹಚ್ಚಿದಳು, ಬಗ್ಗಿ ಉಫ್ ಎಂದು ಊದಿದಳು. ಟೋಪಿಯಿಂದ ಜಾರಿದ ಒಂದು ಎಳೆ ಕೂದಲು ಕೆನ್ನೆಯ ಮೇಲೆ ಆಡಿತು. ಅದನ್ನು ಸರಿಸದೆಯೇ ಕಣ್ಣೆತ್ತಿ ನೋಡಿದಳು.

"ಇಷ್ಟ ಸಿಹಿ ಗಾಯ ನಾ ನೋಡಿಲ್ಲರಿ, ಶೇಠ. ಇರುವಿ ಬಂದಾವು, ಜ್ವಾಕಿ."

ಗಾಯ ವಾರದಲ್ಲೇ ಒಣಗಿತು. ಭೂಪಾಲ ಮಾತ್ರ ಮಳೆಗಾಲ ಮುಗಿಯುವ ತನಕ ಡ್ರೆಸ್ಸಿಂಗಿಗೆ ಹೋದ.

ಅವಳ ತಾಯಿ ಮಾರ್ಥಾ ಮಾವಶಿ ಗದಗಿನಿಂದ ನರ್ಸಾಗಿ ಬಂದು ಮಿರಜದಲ್ಲೇ ಬೇರು ಬಿಟ್ಟವಳು. ಪ್ರತಿ ಕ್ರಿಸ್‌ಮಸ್ಸಿಗೆ ಅವಳ ಕೈಯ ಹ್ಯಾಮ್ ಆಗಬೇಕು. ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆಯನ್ನು ಬೇಯಿಸಿ, ಮೇಲೆ ಶಂಕರಪಾಳಿಯ ಆಕಾರಕ್ಕೆ ಗೀರಿ, ಗೀರಿಗೊಂದು ಲವಂಗ ಚುಚ್ಚಿ, ಬೆಲ್ಲದ ಪಾಕ ಸವರಿ, ಮುಖ ಕಾಣುವಷ್ಟು ಹೊಳಪು ಬರುವವರೆಗೆ ಓವನ್ನಿನಲ್ಲಿ ಇಡುವುದು. ಬೆಲ್ಲ ಭೂಪಾಲನದು. ಬಳ್ಳೊಳ್ಳಿಯ ವಾಸನೆಗೂ ಮುಖ ತಿರುಗಿಸುವ ಜೈನರ ಹುಡುಗ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಪಾಕ ನೋಡುವ ನೆಪದಲ್ಲಿ ಸಲೋಮಿಯನ್ನು ನೋಡುತ್ತಿದ್ದ. ಪಾಕ ತಳ ಹತ್ತಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಊಟಕ್ಕೆ ಅವನ ತಾಟಿಗೆ ಬೇರೆಯೇ ಶೇಂಗಾ ಹೋಳಿಗೆ, ಕರಂಜಿ. ಹೊತ್ತು ಮುಳುಗಿದ ಮೇಲೆ ಅವನ ಮನೆತನದಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ಅಷ್ಟರೊಳಗೆ ಉಂಡು, ಮುಂದಿನ ವರ್ಷ ಅವ್ವನಿಗೆ ಖಂಡಿತ ಹೇಳುತ್ತೇನೆಂದು ಬೆಲ್ಲದ ಹೆಂಟೆಯ ಕಡೆ ನೋಡುತ್ತ ಹೇಳಿ, ಸಾಂಗ್ಲಿಯ ಬಸ್ಸು ಹಿಡಿಯುತ್ತಿದ್ದ.

ಈ ಮಳೆಗಾಲದಲ್ಲಿ ಮಾವಶಿ ತೀರಿಕೊಂಡಳು.

ಡಿಸೆಂಬರ್ ಬಂತು. ನಾಗಪುರದ ಕಡೆಯ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಕೆಲಸ ಒಪ್ಪಿಕೊಂಡಿದ್ದೇನೆ, ಹಬ್ಬದ ಮರುದಿನ ರೈಲು, ಕ್ವಾರ್ಟರ್ಸ್ ಬಿಟ್ಟುಕೊಡಬೇಕು, ಈ ಸಲ ಹ್ಯಾಮ್ ಇಲ್ಲ ಎಂದು ಸಲೋಮಿ ಬ್ಯಾಂಡೇಜು ಸುತ್ತಿದಷ್ಟೇ ನಯವಾಗಿ ತಿಳಿಸಿದಳು. ಭೂಪಾಲ ಹೋಗಬೇಡ ಎನ್ನಬೇಕಿತ್ತು. ಅದರ ಬದಲು ಬೆಳಗಾವಿಗೆ ಹೋಗಿ ಹ್ಯಾಮ್ ತಂದ.

ಅದನ್ನು ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ರೈಲಿನಲ್ಲಿ ತರುವಾಗ ಅವನ ಬೆವರಿಗೆ ಬೋಗಿ ತೇಲುವುದೊಂದು ಬಾಕಿ. ಎದುರಿನ ಅಜ್ಜಿ ಡಬ್ಬಿಯಲ್ಲಿ ಏನು ಎಂದು ಕೇಳಿದ್ದಕ್ಕೆ ಕುಂದಾ ಎಂದ. ಅಜ್ಜಿ ಬೆಳಗಾವಿಯಿಂದ ಮಿರಜದವರೆಗೆ ಡಬ್ಬಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಹಬ್ಬದ ಬೆಳಿಗ್ಗೆ ಸಲೋಮಿ ಚರ್ಚಿಗೆ ಹೋದಾಗ ಪಕ್ಕದ ಮನೆಯಿಂದ ಬೀಗದಕೈ ಇಸಿದುಕೊಂಡು ಒಳಗೆ ಹೋದ. ಅವಳ ಆಸ್ಪತ್ರೆಯ ಕೈಗವಸು ಹಾಕಿಕೊಂಡ, ಮೂಗಿಗೆ ಟವೆಲ್ ಕಟ್ಟಿಕೊಂಡ. ಬೇಯಿಸಿದ, ಗೀರಿದ, ಲವಂಗ ಚುಚ್ಚಿದ. ಪಾಕ ಮಾತ್ರ ದೇವಲೋಕದ್ದು. ಅಂಥ ಎಳೆ ಪಾಕ ಇಂದ್ರನ ಅಡುಗೆಮನೆಯಲ್ಲೂ ಬಂದಿರಲಿಕ್ಕಿಲ್ಲ. ಈ ಹ್ಯಾಮ್ ನೋಡಿದ ಮೇಲೆ ತಾನು ಏನೂ ಹೇಳಬೇಕಾಗುವುದಿಲ್ಲ, ಅವಳೇ ಉಳಿಯುತ್ತಾಳೆ ಎಂದು ಅವನ ಲೆಕ್ಕ.

ಬಾಗಿಲು ತೆರೆದ ಸಲೋಮಿ ಅಲ್ಲೇ ನಿಂತಳು. ತಾಯಿಯ ಏಪ್ರನ್ನಿನಲ್ಲಿ ಟವೆಲ್ ಕಟ್ಟಿಕೊಂಡ ಶೇಠ. ನಗಲು ಬಾಯಿ ತೆರೆದಳು, ನಗದೆ ಬಂದು ಏಪ್ರನ್ನಿನ ಸಡಿಲ ಗಂಟನ್ನು ಬಿಗಿದಳು.

ಬಿಸಿಲು ಹಳದಿಯಾಗುವ ಹೊತ್ತಿಗೆ ಇಬ್ಬರೂ ಊಟಕ್ಕೆ ಕೂತರು. ಅವಳು ಒಂದು ತುಂಡು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಹೆಂಗ ಆಗೇತಿ?"

"ನಮ್ಮ ಆಯಿ ಮಾಡಿಧಂಗ."

ನೀರು ಕುಡಿದಳು. ಇನ್ನೊಂದು ತುಂಡು, ಮತ್ತೆ ನೀರು. ಮತ್ತೊಂದು ತುಂಡಿಗೆ ಲೋಟ ಬಿಟ್ಟು ತಂಬಿಗೆಯನ್ನೇ ಎತ್ತಿದಳು. ಜನ್ಮದಲ್ಲಿ ಮಾಂಸದ ರುಚಿ ನೋಡದ ಭೂಪಾಲನಿಗೂ ಈಗ ತಿಳಿಯಿತು.

"ಉಪ್ಪ ಹೆಚ್ಚಾತ?"

"ಹಿಂದಿನ ರಾತ್ರಿ ನೀರಾಗ ನೆನಿ ಹಾಕಿ ಉಪ್ಪ ಬಿಡಸಬೇಕು. ಆಯಿ ದೀಪಾ ಹಚ್ಚಿದ ಮ್ಯಾಲ ಹಾಕ್ತಿದ್ಲು. ನೀ ಯಾವಾಗ ನೋಡಿರ್ತಿ? ಹೊತ್ತ ಮುಣಗೂದ್ರಾಗ ಮನಿಗೆ ಓಡಾಂವಾ."

ಭೂಪಾಲ ತಟ್ಟನೆ ಅವಳ ತಾಟಿನಿಂದ ಒಂದು ಚೂರು ಎತ್ತಿಕೊಂಡ. ಅವಳು ನುಂಗಿದ್ದನ್ನು ತಾನೂ ನುಂಗಬೇಕು. ಅದು ತುಟಿಗೆ ಬರುವಷ್ಟರಲ್ಲಿ ಸಲೋಮಿ ಅವನ ಕೈ ಹಿಡಿದಳು. ಬೆರಳುಗಳು ಹಳೆಯ ಸುಟ್ಟ ಕಲೆಯ ಮೇಲೆಯೇ ಕೂತವು.

"ಬ್ಯಾಡ. ನಿಮ್ಮವ್ವಗ ಹೇಳದ ಮಾಡೋ ಕೆಲಸ ಇನ್ನೊಂದ ಬ್ಯಾಡ."

ಚೂರು ತಾಟಿಗೆ ಬಿತ್ತು. ಅವಳು ಕೈ ಬಿಡಲಿಲ್ಲ.

"ಈ ಓಣ್ಯಾಗ ಎಲ್ಲಾರೂ ಕ್ರಿಸ್‌ಮಸ್ ಊಟಾ ರಾತ್ರಿ ಮಾಡ್ತಾರ. ನಮ್ಮದೂ ರಾತ್ರಿನ ಇತ್ತು. ನೀ ಬರಾಕ ಹತ್ತಿದ ವರ್ಷ ಆಯಿ ಊಟದ ಹೊತ್ತ ಸಂಜಿಗೆ ತಂದ್ಲು. ಮಂದಿ ನಕ್ರೂ ಬಿಡಲಿಲ್ಲ. ಅಳಿಯಾ ಉಪವಾಸ ಹೋಗಬಾರದು, ಅಂತಿದ್ಲು."

ಪೇಟೆ ನಡುಗಿಸುವ ದನಿ ಪಿಸುಮಾತಿಗೆ ಇಳಿಯಿತು. ಅವನು "ನಾಳಿ..." ಎಂದು ಏನೋ ಶುರುಮಾಡಿದ. ಅವಳು ಹೋಳಿಗೆಯ ಮೇಲೆ ತುಪ್ಪ ಹಾಕಿದಳು.

"ಉಣ್ಣು. ಹೊತ್ತ ಮುಣಗಾಕ ಬಂದೈತಿ."

ಆ ರಾತ್ರಿ ಸಾಂಗ್ಲಿಗೆ ಮರಳಿ ಭೂಪಾಲ ಅವ್ವನ ಮುಂದೆ ಕೂತು ಎಲ್ಲವನ್ನೂ ಹೇಳಿದ. ಸುಟ್ಟ ಕೈಯಿಂದ ಹಿಡಿದು ಉಪ್ಪಿನ ತನಕ. ಆಕಾಶ ಬೀಳಲಿಲ್ಲ, ಕೃಷ್ಣೆ ಉಕ್ಕಲಿಲ್ಲ. ಶಾಲನಬಾಯಿ ಬಹಳ ಹೊತ್ತು ಸೀರೆಯ ಸೆರಗನ್ನು ಮಡಿಸಿದಳು, ಬಿಚ್ಚಿದಳು. ಎದ್ದು ಹೋಗುವಾಗ ಇಷ್ಟೇ ಅಂದಳು: "ಅಷ್ಟ ಉಪ್ಪ ತಿಂದಾಳ. ನೀರಡಿಕಿ ಆಗಿರತೈತಿ ಹುಡುಗಿಗೆ."

ಮರುದಿನ ಮಿರಜ ಜಂಕ್ಷನ್ನಿನಲ್ಲಿ ಕಿಟಕಿಯೊಳಗಿಂದ ಸಲೋಮಿ ನೋಡಿದಾಗ, ಭೂಪಾಲನ ಕೈಯಲ್ಲಿ ಮುಚ್ಚಳ ತಿರುಗಿಸುವ ಹಿತ್ತಾಳೆ ತಂಬಿಗೆ ಇತ್ತು.

"ಅವ್ವಗ ಹೇಳೇನಿ. ಆಕೀನ ನಮ್ಮ ಮನಿ ನೀರ ಸೋಸಿ ಕೊಟ್ಟಾಳ."

ಸಲೋಮಿ ತಂಬಿಗೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತುಟಿಗೆ ತಗಲಿಸದೆ, ಭೂಪಾಲನ ಮನೆಯವರ ರೀತಿಯಲ್ಲೇ, ಎತ್ತಿ ಕುಡಿದಳು. ಒಂದಿಷ್ಟು ಗದ್ದದಿಂದ ಇಳಿದು ಕೊರಳು ತೋಯಿಸಿತು. ಕಣ್ಣಿನದೂ ಅದರಲ್ಲೇ ಸೇರಿತು. ಕೊನೆಯ ಹನಿಯವರೆಗೂ ಕುಡಿದು ತಂಬಿಗೆ ಹೊರಗೆ ಚಾಚಿದಳು.

"ನಿಮ್ಮ ಆಯಿಗೆ ಹೇಳು, ಹೊಟ್ಟಿ ತಣ್ಣಗ ಆತು ಅಂತ."

"ಇಳಿ, ಸಲೋಮಿ."

ರೈಲು ಜರುಗಿತು. ಅವಳು ಇಲ್ಲ ಎಂದು ತಲೆಯಾಡಿಸಿದಳು, ನಕ್ಕಳು ಕೂಡ. ತಂಬಿಗೆ ಹಿಡಿದ ಅವನ ಕೈಯ ಸುಟ್ಟ ಕಲೆಯ ಮೇಲೊಮ್ಮೆ ಬಗ್ಗಿ, ಮೊದಲ ದಿನದ ಹಾಗೆ, ಉಫ್ ಎಂದು ಊದಿದಳು.

ಜಂಕ್ಷನ್ನೇ ಸ್ತಬ್ಧವಾಯಿತು ಎನ್ನಬಹುದಿತ್ತು. ಆಗಲಿಲ್ಲ. ಚಹಾದವರು ಕೂಗುತ್ತಲೇ ಇದ್ದರು, ಹಮಾಲರು ದಾರಿ ಬಿಡ್ರಿ ಎಂದು ಅವನನ್ನು ಸರಿಸಿ ಮುಂದೆ ಹೋದರು. ಭೂಪಾಲ ಖಾಲಿ ತಂಬಿಗೆಯ ಮುಚ್ಚಳವನ್ನು, ಒಂದು ಹನಿಯೂ ಚೆಲ್ಲಬಾರದೆಂಬಂತೆ, ಬಿಗಿಯಾಗಿ ತಿರುಗಿಸಿದ.